ಹದಿನೇಳೆಂಟ್ಲೆ

ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನಲ್ಲಿ
ಮುಚ್ಚಿಹೋದ ಮೀನಂಗಡಿಯ ಮೇಲೆ ನನ್ನ ಸ್ಟುಡಿಯೋ.
ಗೋಡೆಗೆ ಎಷ್ಟು ಬಣ್ಣ ಬಳಿದರೂ
ಮೋಡದ ದಿನ ಹ್ಯಾಡಕ್ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ.

ಆಸ್ಪತ್ರೆಯವರಿಗೆ ದುಃಖ ಬೇಕಿತ್ತು,
ಮೂರು ಮಡಿಕೆಯ ಕರಪತ್ರದ ಮುಖಕ್ಕೆ.
'ನಿಮ್ಮವರು ಇನ್ನಿಲ್ಲವಾದಾಗ' ಎಂಬ ಶೀರ್ಷಿಕೆಗೆ
ಮೇಲೆ ಎರಡಿಂಚು ಖಾಲಿ ಬಿಡಿ ಎಂದಿದ್ದರು.
ಶುಕ್ರವಾರದೊಳಗೆ.

ಮಾರೀನ್ ಬ್ಲಾಂಚರ್ಡ್ ಬಂದಳು, ವಯಸ್ಸು ಅರವತ್ತೊಂದು.
ಮೂವತ್ತು ವರ್ಷ ಮೀನು ಸೀಳಿದ ಕೈ,
ಈಗ ಶನಿವಾರದ ನಾಟಕ ಮಂಡಳಿಯಲ್ಲಿ ಅತ್ತೆಯ ಪಾತ್ರ.
ಕೋಟು ಬಿಚ್ಚುವ ಮೊದಲೇ ಕೇಳಿದಳು, ಎಷ್ಟು ಅಳಲಿ?
ಹಾಲಿನವಳು ಎಷ್ಟು ಅಳೆಯಲಿ ಎಂದ ಹಾಗೆ.

ಕಣ್ಣಂಚಿಗೆ ಗ್ಲಿಸರಿನ್ ಇಟ್ಟೆ. ಹನಿ ಇಳಿಯಿತು
ತನ್ನ ಪಾಡಿಗೆ ತಾನು, ಮುಖಕ್ಕೆ ಸುದ್ದಿಯೇ ಇಲ್ಲದೆ.
ಹುಬ್ಬು ಗಂಟಿಕ್ಕಿದಳು: ಕರೆಂಟ್ ಬಿಲ್ ಜಾಸ್ತಿ ಬಂದಿದೆ.
ತುಟಿ ಕಚ್ಚಿದಳು: ಹಲ್ಲುನೋವು.
ಎದೆಗೆ ಕೈಯೊತ್ತಿದಳು: ಅಜೀರ್ಣ.
ಕೈ ಬೇಡ, ಎಂದೆ, ಕೈ ಸುಳ್ಳು ಹೇಳುತ್ತಿದೆ.
ಬೆನ್ನ ಹಿಂದೆ ಕಟ್ಟಿಕೊಂಡಳು,
ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗಿ.

ದೀಪ ಸರಿಸಿದೆ. ಎಡಗೆನ್ನೆಗೆ ಕಿಟಕಿ,
ಬಲಗೆನ್ನೆಗೆ ಕಪ್ಪು ಬಟ್ಟೆ.
ನನ್ನ ಭಾಷೆಯಲ್ಲಿ ದುಃಖ ಮುಖದಲ್ಲಿರುವುದಿಲ್ಲ,
ಕರುಳಲ್ಲಿರುತ್ತದೆ; ಚುರುಕ್ ಎನ್ನುತ್ತದೆ, ಕಿತ್ತು ಬರುತ್ತದೆ.
ಕರುಳಿಗೆ ಯಾವ ಕೋನದಿಂದ ಲೈಟ್ ಹಾಕುವುದು?
ಅವಳಿಗೆ ಇದನ್ನು ವಿವರಿಸಹೋಗಿ
ಹೊಟ್ಟೆ ಮುಟ್ಟಿ ತೋರಿಸಿದೆ. ಹಸಿವೇ? ಎಂದಳು.
ಟೀ ಕುಡಿದೆವು, ಬಿಸ್ಕತ್ತಿನ ಜೊತೆ.

ಯಾರನ್ನಾದರೂ ನೆನೆದುಕೊಳ್ಳಿ ಎಂದದ್ದು ನಾನೇ.
ಈ ಕಸುಬಿನ ಅತಿ ಹಳೆಯ, ಅತಿ ಅಗ್ಗದ ಉಪಾಯ.
ತಮ್ಮ, ಕೀತ್, ಎಂದಳು. ಅಷ್ಟೇ.
ಆಮೇಲೆ ಭುಜ ಕುಲುಕಿತು, ಮೂಗು ಸುರಿಯಿತು,
ಬಾಯಿ ಒಂದು ಬದಿಗೆ ವಾಲಿತು.
ನಾನು ಬಟನ್ ಒತ್ತಿದೆ. ಒತ್ತಿದೆ ಎಂಬುದನ್ನು ಬರೆದಿಡಬೇಕು.
ಪರದೆಯಲ್ಲಿ ನೋಡಿದರೆ
ಸೀನು ಬರುವ ಮುಂಚಿನ ಮುಖ.
ನಿಜದ ಅಳು, ಕೆಟ್ಟ ನಟಿಯೊಬ್ಬಳ ಅಳುವಿನಂತೆ.

ಗಂಗಾವತಿಯ ಶಾಲೆಯಲ್ಲಿ ಹದಿನೇಳರ ಮಗ್ಗಿ ತಪ್ಪಿದವರನ್ನು
ಅಂಗಳದ ಮರಳಲ್ಲಿ ಮಂಡಿಯೂರಿ ನಿಲ್ಲಿಸುತ್ತಿದ್ದರು.
ಯಾಕೆ ನೆನಪಾಯಿತೋ. ಕಣ್ಣೊರೆಸಿಕೊಂಡವಳಿಗೆ ಹೇಳಿದೆ,
ಬಾಯಿ ಬಿಡಬೇಡಿ, ಮನಸ್ಸಿನಲ್ಲೇ, ಹದಿನೇಳರ ಮಗ್ಗಿ.
ನಕ್ಕಳು. ಶುರುಮಾಡಿದಳು.
ನಾನೂ ಒಳಗೊಳಗೆ ಜೊತೆಗೆ ಹೊರಟೆ.
ಹದಿನೇಳು, ಮೂವತ್ತನಾಲ್ಕು: ಸಲೀಸು.
ಐವತ್ತೊಂದು, ಅರವತ್ತೆಂಟು: ಗಲ್ಲ ಸಡಿಲವಾಯಿತು.
ಹದಿನೇಳೇಳ್ಲೆ ನೂರ ಹತ್ತೊಂಬತ್ತು ದಾಟಿ
ಎಂಟರ ಹತ್ತಿರ ಅವಳ ಕಣ್ಣು
ನನ್ನನ್ನು ಬಿಟ್ಟಿತು, ಲೆನ್ಸನ್ನು ಬಿಟ್ಟಿತು,
ಇತ್ತಲ್ಲ, ಈಗ ತಾನೇ ಇಲ್ಲೇ ಇತ್ತಲ್ಲ
ಎಂಬಂತೆ ಗಾಳಿಯಲ್ಲಿ
ಒಂದು ಜಾಗವನ್ನು ತಡಕಿತು.

ಅಬ್ಬಾ, ಎಂದರು ಆಸ್ಪತ್ರೆಯವರು,
ಪಾಪ, ಯಾರನ್ನು ಕಳೆದುಕೊಂಡಿದ್ದಾರೆ?
ನೂರ ಮೂವತ್ತಾರನ್ನು, ಎನ್ನಲಿಲ್ಲ.
ಕೀತ್ ಎಂದೂ ಎನ್ನಲಿಲ್ಲ.

ಈಗ ಅದು ಹೊರರೋಗಿಗಳ ಹಜಾರದಲ್ಲಿದೆ,
ಸಕ್ಕರೆ ಕಾಯಿಲೆಗೂ ಕಾಲಿನ ಹುಣ್ಣಿಗೂ ನಡುವೆ.
ಒಬ್ಬ ಮುದುಕ ಎತ್ತಿಕೊಂಡು, ಬಹಳ ಹೊತ್ತು ನೋಡಿ,
ಒಳಗೆ ಬಿಡಿಸದೆ
ಜೇಬಿಗಿಟ್ಟುಕೊಂಡದ್ದನ್ನು ಕಂಡೆ.
ಮೋಸ ಅನ್ನಿಸಲಿಲ್ಲ.
ಅನ್ನಿಸಬೇಕಿತ್ತು ಅನ್ನಿಸಿತು.

ಮಾರೀನ್ ಇನ್ನೊಮ್ಮೆ ಬಂದಳು. ಕರಪತ್ರ ನೋಡಿ
ಬಸ್ ಪಾಸ್ ಹುಡುಕುತ್ತಿರುವ ನಮ್ಮಮ್ಮ, ಎಂದಳು.
ಆ ಇನ್ನೊಂದು ಇದೆಯೇ? ಅಸಹ್ಯವಾಗಿ ಬಂದದ್ದು?
ಅದರದೊಂದು ಪ್ರತಿ ಬೇಕು.
ದುಡ್ಡು ಬೇಡವೆಂದೆ. ಒಪ್ಪಲಿಲ್ಲ.
ಪರ್ಸು ಮಗುಚಿ, ಮೇಜಿನ ಮೇಲೆ
ಚಿಲ್ಲರೆ ಎಣಿಸತೊಡಗಿದಳು, ಏಳು ಪೌಂಡ್ ನಲವತ್ತು,
ಏಳು ಅರವತ್ತು, ತಡೆದು, ತಪ್ಪಿ,
ಕಿಟಕಿಯತ್ತ ನೋಡಿ, ಮತ್ತೆ ಮೊದಲಿನಿಂದ.

ಕ್ಯಾಮೆರಾ ಚೀಲದಲ್ಲಿತ್ತು.
ಇರಲಿ, ಎಂದು ಬಿಟ್ಟೆ.